ಚರಂಡಿ ಮೊದಲಾ, ರಸ್ತೆ ಮೊದಲಾ?

"ನಿಮ್ಮ ಮನೆಗೆ ನೀರು ನುಗ್ಗುತ್ತೆ ಅಂತ ನಮ್ಮ ಮನೆಯವರು ಸಾಯಬೇಕಾ?"

ಶಾಲೆಯ ಹಾಲ್‌ನಲ್ಲಿ ಸಂಘದ ಸಭೆಗೆ ಸೇರಿದ್ದ ಬೀದಿಯವರೆಲ್ಲ ತಿರುಗಿ ನೋಡಿದರು. ಕೂಗಿದವಳು ಕನ್ನಡಕದ ಅಂಗಡಿಯ ಹುಡುಗಿ. ಗುಂಡಿಬಿದ್ದ ರಸ್ತೆಯಲ್ಲಿ ಆಂಬುಲೆನ್ಸ್ ಒಳಗೆ ಬರಲಾಗದೆ ಅವಳ ಅಪ್ಪ ಮನೆಯ ಬಾಗಿಲಲ್ಲೇ ಕೊನೆಯುಸಿರೆಳೆದು ಇನ್ನೂ ತಿಂಗಳಾಗಿರಲಿಲ್ಲ.

ಎದುರಿಗೆ ನಿಂತಿದ್ದವನು ಬೀದಿಯ ತಗ್ಗಿನ ಕೊನೆಯ ತನ್ನ ಮನೆಯಲ್ಲೇ ಬೇಕರಿ ನಡೆಸುವವನು. ಮೊಣಕೈವರೆಗೂ ಹಿಟ್ಟು ಮೆತ್ತಿತ್ತು.

"ರಸ್ತೆ ಬೇಡ ಅಂತಿಲ್ಲ ಮೇಡಂ... ಚರಂಡಿ ಮೊದಲಾಗಲಿ. ಹಳೇದರ ಮೇಲೇ ಡಾಂಬರು ಹಾಕಿದ್ರೆ ರಸ್ತೆ ಎತ್ತರ ಆಗುತ್ತೆ, ನಮ್ಮನೆ ಹಳ್ಳಕ್ಕೆ ಬೀಳುತ್ತೆ. ಅಮ್ಮ ಹಾಸಿಗೆ ಹಿಡಿದಿದ್ದಾರೆ..."

"ಅಷ್ಟರಲ್ಲಿ ಇನ್ನೆಷ್ಟು ಜನ ಹೋಗಬೇಕು?" ಎಂದಳು ಅವಳು. "ನಮ್ಮಪ್ಪ ಕೊನೇವರೆಗೂ ಗೇಟಿನ ಕಡೆನೇ ನೋಡ್ತಿದ್ರು... ಗೊತ್ತಾ ನಿಮಗೆ?"

ಅವನು ಕಣ್ಣು ತಗ್ಗಿಸಿ ಕುಳಿತುಬಿಟ್ಟ.

"ಈ ವರ್ಷ ಮಂಜೂರಾಗಿರೋದು ಒಂದೇ ಕೆಲಸ. ರಸ್ತೆ ಮೊದಲು ಅನ್ನೋರು ಕೈ ಎತ್ತಿ," ಎಂದರು ಸಂಘದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು.

ಎತ್ತಿದ ಕೈಗಳ ನಡುವೆ ಹಿಟ್ಟು ಮೆತ್ತಿದ ಕೈಯೂ ಇತ್ತು!

'ಎಷ್ಟು ಕೊಬ್ಬು! ಚರಂಡಿ ಅಂದವನೇ ಈಗ ಕೈ ಎತ್ತಿ ನನ್ನನ್ನೇ ಅಣಕಿಸ್ತಾನೆ...' ಅವಳ ಮೈ ಉರಿದುಹೋಯಿತು.

ಅಂದಿನಿಂದ ಬ್ರೆಡ್ಡಿಗೂ ದೂರದ ಅಂಗಡಿಗೇ ಹೋದಳು. ಎದುರು ಸಿಕ್ಕರೆ ಅವನು ಸರಿದು ದಾರಿ ಬಿಡುತ್ತಿದ್ದ, ಅವಳು ಮುಖ ತಿರುಗಿಸುತ್ತಿದ್ದಳು. ಆದರೂ ಮನೆಗೆ ಬಂದ ಮೇಲೆ ಆ ತಗ್ಗಿದ ಕಣ್ಣುಗಳೇ ನೆನಪಾಗುತ್ತಿದ್ದವು. ಯಾಕೋ!

ರಸ್ತೆಯೇನೋ ಆಯಿತು. ಮೊದಲ ದೊಡ್ಡ ಮಳೆಗೇ ಬೀದಿಯ ನೀರೆಲ್ಲ ತಗ್ಗಿನ ಮನೆಗೆ ನುಗ್ಗಿತು. ಅವನು ಅಮ್ಮನನ್ನು ಎತ್ತಿಕೊಂಡು ಹೋಗಿ ಅಕ್ಕನ ಮನೆ ಸೇರಿಸಿದ. "ನಮ್ಮನೆಗೆ ಯಾವಾಗ ಹೋಗೋಣ ಮಗಾ?" ಎಂದು ಕೇಳುತ್ತಲೇ ಇದ್ದ ಅಮ್ಮ, ಇಲ್ಲಿ ನೆಲ ಒಣಗುವ ಮೊದಲೇ ಅಲ್ಲಿ ತೀರಿಕೊಂಡರು.

ಸುದ್ದಿ ತಿಳಿದು ಅವಳು ತಗ್ಗಿನ ಮನೆಗೆ ಓಡಿಬಂದಾಗ, ಅಮ್ಮನ ಕಾರ್ಯ ಮುಗಿಸಿ ಬಂದಿದ್ದ ಅವನೊಬ್ಬನೇ ಗೋಡೆಯ ಕೆಸರು ಉಜ್ಜುತ್ತಿದ್ದ.

"ಹೀಗಾಗುತ್ತೆ ಅಂತ ಗೊತ್ತಿದ್ದೂ... ಯಾಕೆ ಕೈ ಎತ್ತಿದ್ರಿ?"

"ನಿಮ್ಮಪ್ಪ ಗೇಟಿನ ಕಡೆ ನೋಡ್ತಿದ್ರು ಅಂದ್ರಲ್ಲ..." ಅವನು ತಿರುಗಲಿಲ್ಲ. "ಅದನ್ನ ಕೇಳಿದ ಮೇಲೆ ಬೇಡ ಅನ್ನೋಕೆ ಬಾಯಿ ಬರಲಿಲ್ಲ."

ಅಯ್ಯೋ ದೇವರೇ! ಇವನನ್ನಾ ನಾನು ಕೊಬ್ಬಿನವನು ಅಂದುಕೊಂಡಿದ್ದು? ಕ್ಷಮಿಸಿ ಎನ್ನಲೂ ಅವಳಿಗೆ ನಾಚಿಕೆಯಾಯಿತು. ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ನೆಲ ತೊಳೆಯತೊಡಗಿದಳು. ಅವನು ಬೇಡ ಎನ್ನಲಿಲ್ಲ.

ಮುಂದಿನ ಸಭೆಯಲ್ಲಿ ಅವಳೇ ಮೊದಲು ಎದ್ದಳು. "ಚರಂಡಿ ಆಗ್ಲೇಬೇಕು!"

"ಹೊಸ ರಸ್ತೆ ಅಗೀಬೇಕಾ? ನಮ್ಮನೆಗೇನೂ ನೀರು ಬರಲ್ವಲ್ಲಮ್ಮ," ಎಂದರು ಬೀದಿಯ ಮೇಲ್ತುದಿಯ ಮನೆಯ ಅಂಕಲ್.

"ಹೇಗೆ ಬರುತ್ತೆ ಅಂಕಲ್? ನಿಮ್ಮನೆ ನೀರೇ ಅಲ್ಲಿಗೆ ಹೋಗೋದು!"

ಯಾರೋ ನಕ್ಕರು. ಅವಳು ನಗಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದು, ಕೊನೆಗೂ ಕೆಲಸ ಶುರು ಮಾಡಿಸಿದಳು.

ಚರಂಡಿಯ ಮೇಲೆ ಚಪ್ಪಡಿ ಕಲ್ಲು ಮುಚ್ಚಿ ಕೆಲಸ ಮುಗಿದ ಸಂಜೆ ಬೇಕರಿಯ ಮುಂದೆ ಒಂದು ವ್ಯಾನ್ ನಿಂತಿತ್ತು. ಅವನು ಬೇಕರಿಯ ತಟ್ಟೆಗಳನ್ನು ಅದಕ್ಕೆ ತುಂಬುತ್ತಿದ್ದ.

ಅವಳು ವ್ಯಾನಿನ ಬಾಗಿಲಿಗೆ ಅಡ್ಡ ಬಂದು ನಿಂತಳು. "ಎಲ್ಲಿಗೆ?"

"ಅಕ್ಕನ ಊರಿಗೆ. ಇಲ್ಲಿ ನನಗೆ ಯಾರಿದ್ದಾರೆ?"

"ಈಗ ಮನೆಗೆ ನೀರು ಬರಲ್ವಲ್ಲ..."

"ಬರಲ್ಲ. ಅಮ್ಮನೂ ಬರಲ್ಲ."

ಅವಳಿಗೆ ಅಪ್ಪ ನೆನಪಾದರು. ತನ್ನ ಮನೆಯ ಬಾಗಿಲಿಗೂ ಈಗ ಆಂಬುಲೆನ್ಸ್ ಬರುತ್ತದೆ... ಯಾರಿಗಾಗಿ?

"ಹೋಗಬೇಡಿ," ಎಂದಳು ಕೊನೆಗೆ.

"ಬೀದಿಗೊಂದು ಬೇಕರಿ ಇರಲಿ ಅಂತಲಾ?"

"ಬೇಕರಿ ಎಲ್ಲಿಗಾದ್ರೂ ಹಾಳಾಗಿ ಹೋಗಲಿ!" ಅವಳು ಅತ್ತೇಬಿಟ್ಟಳು. "ನೀನು... ನೀನು ಹೋಗಬೇಡ."

ಅವನು ತಟ್ಟೆಗಳನ್ನು ಮೆಲ್ಲಗೆ ನೆಲಕ್ಕಿಳಿಸಿದ. ಅವನ ಕಣ್ಣೂ ತುಂಬಿತ್ತು.

"ಇನ್ನೊಂದ್ಸಲ ಹೇಳು," ಎಂದ.