ಸೀಗಡಿ ಮಾತ್ರ ಬದುಕಿತ್ತು

ಬಾಗಿಲು ತೆರೆದ ಕೂಡಲೇ ನಾತ ಮುಖಕ್ಕೆ ರಾಚಿತು.

ಚಿಕ್ಕಮ್ಮ ಹೊಸಿಲಲ್ಲೇ ನಿಂತು ಒಮ್ಮೆ ಮೂಸಿದಳು. ಇಪ್ಪತ್ತೆಂಟು ವರ್ಷ ನಗರಸಭೆಯ ಆರೋಗ್ಯ ಇನ್‌ಸ್ಪೆಕ್ಟರ್ ಆಗಿ ಹೋಟೆಲುಗಳ ಹಿತ್ತಿಲು, ಮೀನಂಗಡಿಗಳ ಚರಂಡಿ ಎಲ್ಲವನ್ನೂ ಕಂಡ ಮೂಗು ಅದು. ಆದರೂ ಸೆರಗಿನಿಂದ ಮುಚ್ಚಿಕೊಳ್ಳಬೇಕಾಯಿತು.

“ಒಂದೂ ಉಳಿದಿಲ್ಲ ಚಿಕ್ಕಮ್ಮ!” ಅಕ್ಕನ ಮಗಳು ಅಳುತ್ತಲೇ ಒಳಗೆ ಕರೆದೊಯ್ದಳು. ಆಕೆ ಶಾಲೆಯ ಟೀಚರು. ಐದು ದಿನದ ತರಬೇತಿ ಮುಗಿಸಿ ಅಂದು ಬೆಳಗ್ಗೆಯಷ್ಟೇ ಮನೆಗೆ ಬಂದಿದ್ದಳು.

ಹಾಲ್‌ನ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ. ಎಂಟು ವರ್ಷ ಉಪ್ಪುನೀರಿನ ಹದ ನೋಡಿ ನೋಡಿ ಅವಳು ಬೆಳೆಸಿದ ಮೆತ್ತನೆಯ ಹವಳಗಳು. ಕೆಲವು ಅಣಬೆಯ ಹಾಗೆ, ಕೆಲವು ಬಿಡಿಸಿದ ಬೆರಳುಗಳ ಹಾಗೆ ನೀರಿನಲ್ಲಿ ತೂಗುತ್ತಿದ್ದವು. ಈಗ? ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು. ಕಲ್ಲುಗಳ ಮೇಲೆ ಅಗಿದು ಉಗಿದಂಥ ಕಂದು ಮುದ್ದೆಗಳು. ಮೇಲೆ ಕಫದಂಥ ಹಳದಿ ನೊರೆ. ಒಂದೇ ಒಂದು ಮೀನು ಮೇಲೆ ಬಂದು ಕೊನೆಯುಸಿರಿಗೆ ಬಾಯಿ ಬಡಿಯುತ್ತಿತ್ತು. ಕೊಳೆತ ಹವಳವೊಂದರ ಮೇಲೆ ಪಟ್ಟೆಪಟ್ಟೆಯ ಸೀಗಡಿ ಕೂತು, ಎರಡೂ ಕೈಯಲ್ಲಿ ಲೋಳೆಯನ್ನು ಕಿತ್ತು ಕಿತ್ತು ಬಾಯಿಗಿಡುತ್ತಿತ್ತು.

ಚಿಕ್ಕಮ್ಮ ಮುಖ ತಿರುಗಿಸಿದಳು. ಮತ್ತೆ ತಿರುಗಿ ನೋಡಿದಳು.

“ಜಿರಲೆ ಔಷಧಿ ಚಿಕ್ಕಮ್ಮ!” ಅಳಿಯ ಒಳಗಿನಿಂದ ಬಂದ. ದಂತವೈದ್ಯ, ಇಸ್ತ್ರಿ ಅಂಗಿ, ಮೈತುಂಬ ಸೆಂಟು. ನಾತದ ಜೊತೆ ಅದೂ ಸೇರಿ ಇನ್ನಷ್ಟು ಹೇಸಿಗೆಯಾಯಿತು. “ಗುರುವಾರ ಅಡುಗೆಯವಳು ಹೊಡೆದಿದ್ದಾಳೆ. ಅದೇ ಕೈ ಇಲ್ಲಿಗೂ ಹಾಕಿದ್ದಾಳೆ. ಒಪ್ಪಿಕೊಂಡು ಬರೆದೂ ಕೊಟ್ಟಿದ್ದಾಳೆ, ನೋಡಿ.”

ಕಾಗದದಲ್ಲಿ ಒಕ್ಕಣೆ ಅವನದು. ಕೆಳಗೆ ಸೊಟ್ಟ ಸಹಿ ಮಾತ್ರ ಅವಳದು.

“ಎಲ್ಲಿದ್ದಾಳೆ?”

“ಹಿತ್ತಿಲಲ್ಲಿ. ಇವತ್ತೇ ಕಳಿಸಿಬಿಡ್ತೀನಿ.”

ಅಡುಗೆಯವಳು ಮೆಟ್ಟಿಲ ಮೇಲೆ ಮುದುಡಿ ಕೂತಿದ್ದಳು. ಹನ್ನೊಂದು ವರ್ಷದಿಂದ ಈ ಮನೆಯಲ್ಲಿದ್ದವಳು. ಕೈಗಳು ಮೊಣಕೈವರೆಗೆ ಕೆಂಪಗೆ ಊದಿದ್ದವು.

“ಇದೇನೇ ಕೈಗೆ?”

“ಕೊಳೆತದ್ದನ್ನ ಅರ್ಧ ತೆಗೆದೆ ಅಮ್ಮ. ನೀನೇ ಹಾಳು ಮಾಡಿದ್ದು, ನೀನೇ ಬಾಚು ಅಂದ್ರು ಸಾರ್.”

“ಬರಿಗೈಲಿ?”

ಅವಳು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಔಷಧಿ ಎಲ್ಲಿ ಹೊಡೆದೆ?”

“ಸಿಂಕಿನ ಕೆಳಗೆ. ಬಾಗಿಲು ಹಾಕ್ಕೊಂಡೇ ಹೊಡೆದೆ. ಆದ್ರೆ ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಬಾಡಿಹೋಗಿತ್ತು. ನನ್ನಿಂದ್ಲೇ ಆಗಿರ್ಬೇಕು ಅಮ್ಮ. ಅಕ್ಕಾವ್ರು ಇಲ್ದಾಗ ಉಪ್ಪುನೀರು ಕಲಸ್ತಿದ್ದೋಳೂ ನಾನೇ ಅಲ್ವಾ... ಮಕ್ಕಳ ಥರ ಇದ್ವು.”

ಚಿಕ್ಕಮ್ಮ ಒಳಗೆ ಬಂದಳು.

ತೊಟ್ಟಿ ರಿಪೇರಿಯವನಿಗೆ ಫೋನ್ ಮಾಡಿದಳು.

“ಕೊನೆಗೆ ಯಾವತ್ತು ಬಂದಿದ್ದೆಯಪ್ಪ?”

“ಸೋಮವಾರ ಅಮ್ಮ. ಎಲ್ಲಾ ಅರಳಿ ನಿಂತಿತ್ತು. ಯಾಕಮ್ಮ?”

ಅವನನ್ನು ಇನ್ನೆರಡು ಪ್ರಶ್ನೆ ಕೇಳಿ, ಫೋನ್ ಇಟ್ಟಳು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ತೊಟ್ಟು, ಉಸಿರು ಬಿಗಿಹಿಡಿದು, ತೊಟ್ಟಿಗೆ ಕೈ ಇಳಿಸಿದಳು. ಬೆರಳ ಸಂದಿಯಲ್ಲಿ ಲೋಳೆ ಜಾರಿತು. ಒಂದು ಮುದ್ದೆಯನ್ನು ಒತ್ತಿದರೆ ಕೀವಿನಂತೆ ಒಸರಿತು. ಕಲ್ಲುಗಳ ಹಿಂದೆ ತಡವಿದಳು. ಏನೋ ಸಿಕ್ಕಿತು. ಮುಷ್ಟಿಯಲ್ಲಿ ಹಿಡಿದು ಹೊರಗೆ ತೆಗೆದಳು.

“ಎಲ್ಲರೂ ಇಲ್ಲಿ ಬನ್ನಿ. ನೀನೂ ಬಾರೇ, ಕೂತ್ಕೋ.”

“ಅವಳು ಯಾಕೆ ಚಿಕ್ಕಮ್ಮ?” ಅಳಿಯ ನಕ್ಕ. “ಇನ್ನೂ ವಿಚಾರಣೆ ಏನಿದೆ?”

“ಅಳಿಯಂದಿರೇ, ಆ ಸೀಗಡಿ ನೋಡಿ. ಹೇಗಿದೆ?”

“ತಿಂತಾ ಇದೆ. ಅದಕ್ಕೇನೀಗ?”

“ಜಿರಲೆ ಔಷಧಿ ಒಂದು ಹನಿ ಬಿದ್ದರೂ ಮೊದಲು ಸಾಯೋದು ಸೀಗಡಿ. ಜಿರಲೆ ಜಾತಿಗೆ ಹತ್ತಿರದ್ದು ಅದು. ಹವಳ ಅಷ್ಟೂ ಸತ್ತು, ಸೀಗಡಿ ಹೊಟ್ಟೆ ತುಂಬ ಉಣ್ತಾ ಇದೆ ಅಂದ್ರೆ ಔಷಧಿ ಇದರೊಳಗೆ ಬಿದ್ದೇ ಇಲ್ಲ. ಸೀಗಡಿ ಎಲ್ಲರ ಕಣ್ಣಿಗೂ ಬಿದ್ದಿತ್ತು. ಹೇಸಿಗೆ ಪಟ್ಟು ಎಲ್ಲರೂ ಮುಖ ತಿರುಗಿಸಿದ್ವಿ. ನಾನೂ.”

ಅಕ್ಕನ ಮಗಳು ಅಳು ನಿಲ್ಲಿಸಿದಳು. “ಹಾಗಾದ್ರೆ?”

“ಈ ಹವಳದ ಬುಡ ನೋಡು. ಕೊಳೆತದ್ದು ಹರುಕಾಗಿ ಕರಗತ್ತೆ. ಇದು? ನೇರ, ನುಣ್ಣಗೆ. ಯಾರೋ ಕೊಯ್ದಿದ್ದಾರೆ. ಇಂಥವು ಹನ್ನೆರಡು ಎಣಿಸಿದೆ. ಕೊಯ್ದರೆ ಇವು ಲೋಳೆ, ವಿಷ ಬಿಡ್ತವಂತೆ. ಆಗ ವಿಷ ಹೀರೋಕೆ ಇದ್ದಿಲಿನ ಚೀಲ ಇಡ್ಬೇಕು, ನೀರು ಬದಲಾಯಿಸ್ಬೇಕು. ಇಲ್ಲದಿದ್ರೆ ಒಂದರ ವಿಷಕ್ಕೆ ಇನ್ನೊಂದು ಸಾಯತ್ತೆ. ರಿಪೇರಿಯವನಿಗೆ ಅದು ಗೊತ್ತು. ಕೊಯ್ದವರಿಗೆ ಗೊತ್ತಿರಲಿಲ್ಲ.”

ಚಿಕ್ಕಮ್ಮ ಮುಷ್ಟಿ ಬಿಚ್ಚಿದಳು. ಚೂರು ಕಲ್ಲೊಂದಕ್ಕೆ ಕಟ್ಟಿದ ಹವಳದ ತುಂಡು. ಕಟ್ಟಿದ್ದು ಕಪ್ಪು ರೇಷ್ಮೆ ದಾರ—ಸಣ್ಣ, ಬಿಗಿಯಾದ ಮೂರು ಗಂಟು.

“ಬೇರೆ ತೊಟ್ಟಿಯಲ್ಲಿ ನೆಡೋಕೆ ಹೀಗೆ ಕಲ್ಲಿಗೆ ಕಟ್ತಾರಂತೆ. ಇದೊಂದು ಹಿಂದೆ ಜಾರಿ ಬಿದ್ದಿತ್ತು. ಹೋದ ವರ್ಷ ನನ್ನ ಒಸಡಿಗೆ ಇದೇ ದಾರದಲ್ಲಿ, ಇದೇ ಗಂಟಲ್ಲಿ ಹೊಲಿಗೆ ಹಾಕಿದ್ದು ನೀವೇ ಅಲ್ವಾ ಅಳಿಯಂದಿರೇ?”

ಮಗಳು ಆ ತುಂಡನ್ನು ಎತ್ತಿಕೊಂಡು ಗಂಡನ ಕಡೆ ತಿರುಗಿದಳು.

“ಯಾರಿಗೆ ಕೊಟ್ರಿ?” ಮಗಳ ದನಿ ತಣ್ಣಗಿತ್ತು.

“ನಮ್ಮ ಆಸ್ಪತ್ರೆ ದೊಡ್ಡ ಡಾಕ್ಟರಿಗೆ...” ಅವನು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. “ಮನೇಲಿ ಹೊಸದಾಗಿ ತೊಟ್ಟಿ ಇಟ್ಟಿದ್ದಾರೆ. ಈ ತಿಂಗಳು ವಿಭಾಗದ ಮುಖ್ಯಸ್ಥರನ್ನ ಅವರೇ ಆರಿಸ್ತಾರೆ. ಬುಧವಾರ ಒಂದೊಂದು ಚೂರು ತಗೊಂಡೆ, ಅಷ್ಟೇ. ಮತ್ತೆ ಬೆಳೆಯುತ್ತೆ ಅಂದ್ಕೊಂಡೆ. ಬೇಕು ಅಂತ ಮಾಡಿದ್ನಾ?”

“ಕೊಯ್ದದ್ದು ತಿಳೀದೆ ಆಯ್ತು ಅನ್ನಿ,” ಎಂದಳು ಚಿಕ್ಕಮ್ಮ. “ಕಾಗದ ಬರೆಸಿದ್ದು?”

“ಅವಳು ಔಷಧಿ ಹೊಡೆದಿದ್ದು ನಿಜ ತಾನೆ? ಅವಳಿಗೇನು, ಇನ್ನೊಂದು ಮನೆ ಸಿಗತ್ತೆ...” ಅಡುಗೆಯವಳು ಎದುರಿಗೇ ಕೂತಿರುವುದು ಆಗ ನೆನಪಾಯಿತೇನೋ, ಮಾತು ನುಂಗಿಕೊಂಡ.

ಎಷ್ಟೋ ಕಸಾಯಿಖಾನೆಗಳನ್ನು ಹೊಕ್ಕು ಬಂದ ಚಿಕ್ಕಮ್ಮನಿಗೆ ಇವನು ಕೂತ ಸೋಫಾದ ತುದಿಯಲ್ಲಿ ಕೂರುವುದೂ ಅಸಹ್ಯವೆನಿಸಿತು. ಎದ್ದು ನಿಂತಳು.

ಮಗಳು ಕಾಗದವನ್ನು ಅಡುಗೆಯವಳ ಊದಿದ ಕೈಗೆ ಕೊಟ್ಟಳು. ಅವಳು ಅದನ್ನು ನಾಲ್ಕಾಗಿ ಹರಿದಳು. ಆಗಲೂ ಅತ್ತಳು, ಆದರೆ ಈಗ ಬೇರೆ ಅಳು.

“ದೊಡ್ಡ ಡಾಕ್ಟರ ಮನೆ ಎಲ್ಲಿ?” ಮಗಳು ಬಕೆಟ್ಟಿಗೆ ಹೊಸ ಉಪ್ಪುನೀರು ಸುರಿಯುತ್ತಿದ್ದಳು.

“ಯಾಕೆ?”

“ನನ್ನ ಹವಳ ಅಲ್ಲಿ ಬದುಕಿರಬಹುದು. ಹೋಗಿ ಕೇಳ್ತೀನಿ.”

“ಏನಂತ ಹೇಳ್ತೀಯೆ?” ಅವನ ಮುಖ ಸುಣ್ಣವಾಯಿತು.

“ಆದದ್ದನ್ನ ಆದ ಹಾಗೆ. ಮೊದ್ಲು ಇವಳ ಕೈ ಡಾಕ್ಟರಿಗೆ ತೋರಿಸಿ, ಆಮೇಲೆ ಅಲ್ಲಿಗೆ. ನಡೀ ಅಕ್ಕ,” ಎಂದು ಅಡುಗೆಯವಳನ್ನು ಎಬ್ಬಿಸಿದಳು. “ ಚಿಕ್ಕಮ್ಮ, ಬಕೆಟ್ಟಿನ ಆ ಕಡೆ ನೀನು ಹಿಡ್ಕೋ.”

ನೀರು ತುಳುಕದಂತೆ ಮೂವರೂ ಮೆಟ್ಟಿಲಿಳಿದರು.