ಬೆಟ್ಟದ ಚರ್ಚಿನಲ್ಲಿ ಅವನು ಹೇಳಿದ ಮಾತು

ಬಾಗಿಲು ತೆರೆದವಳು ಸುಪ್ರೀತಾಳೇ. ಶ್ರವಣ್ ನಗಲು ನೋಡಿದ. ಅವಳು ಅವನ ಕೈಯಲ್ಲಿದ್ದ ಸ್ವೀಟ್ ಬಾಕ್ಸನ್ನು ಮಾತ್ರ ನೋಡಿದಳು.

"ಬಂದ್ಯಾ? ನನ್ನ ಗುರ್ತ ಉಂಟಲ್ಲ?"

ಅವನ ಮುಖ ಕೆಂಪಾಯಿತು. ಮಸ್ಕತ್ತಿನ ಬಿಸಿಲಿನ ಮೇಲೆ ಹಾಕೋಣವೆಂದರೆ, ಪಾಪ, ಎಸಿ ಕಾರಿನಲ್ಲಿ ಬಂದವನು.

ಈದ್ ರಜೆಯಲ್ಲಿ ಇಬ್ಬರೂ ತಮ್ಮ ಆಫೀಸಿನವರ ಜೊತೆ ಜಾರ್ಜಿಯಾಕ್ಕೆ ಹೋಗಿದ್ದರು. ಇವರಿಬ್ಬರ ಪ್ರೀತಿ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲೊಂದು ಬೆಟ್ಟದ ತುದಿಯಲ್ಲಿ ಸನ್ಯಾಸಿಗಳ ಮಠ, ಮಠದೊಳಗೆ ಶತಮಾನಗಳಷ್ಟು ಹಳೆಯ ಚರ್ಚ್. ನೆಲದಿಂದ ಗುಮ್ಮಟದವರೆಗೂ ಬೈಜಾಂಟೈನ್ ಶೈಲಿಯ ಚಿತ್ರಗಳು. ಉದ್ದ ಮುಖದ ಸಂತರು, ಹೊನ್ನಿನ ಪ್ರಭಾವಳಿ, ಎತ್ತ ಸರಿದರೂ ಬೆನ್ನು ಬಿಡದ ದೊಡ್ಡ ಕಣ್ಣುಗಳು.

ಮಗುವನ್ನು ಎತ್ತಿಕೊಂಡ ಮೇರಿ ಮಾತೆಯ ಚಿತ್ರದ ಮುಂದೆ ಸುಪ್ರೀತಾ ನಿಂತುಬಿಟ್ಟಳು. ದೇವಸ್ಥಾನದ ಹೊಸ್ತಿಲು ಮುಟ್ಟಿ ಅಭ್ಯಾಸವಾದ ಕೈ. ಯೋಚಿಸದೆ ಮಾತೆಯ ನಿಲುವಂಗಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬೆರಳಿಗೆ ನೀಲಿ ಪುಡಿ ಅಂಟಿತು.

ಕಾವಲಿನ ಹೆಂಗಸು ಕೂಗುತ್ತಾ ಬಂದಳು. ಎಲ್ಲರೂ ತಿರುಗಿ ನೋಡಿದರು. "ಇವಳು ನಿನ್ನ ಜೊತೆಯವಳಾ?" ಎಂದು ಪಕ್ಕದಲ್ಲಿದ್ದ ಶ್ರವಣ್‌ನನ್ನು ಇಂಗ್ಲಿಷಿನಲ್ಲಿ ಕೇಳಿದಳು.

ಸುಪ್ರೀತಾಳ ಜಾಕೆಟ್ ಅವನ ತೋಳಿನ ಮೇಲೆಯೇ ಇತ್ತು. ಆದರೂ ಅವನು, "ಅಲ್ಲ" ಎಂದ.

ಅವಳು ಒಬ್ಬಳೇ ಹೊರಗೆ ಹೋಗಿ ಚಳಿಯಲ್ಲಿ ನಿಂತಳು. ಜಾಕೆಟ್ ಕೊಡಲು ಹೋಗುವ ಮುಖವೂ ಅವನಿಗೆ ಉಳಿದಿರಲಿಲ್ಲ.

ಈ ಶುಕ್ರವಾರ ಮಸ್ಕತ್ತಿನ ಅಲ್ ಅಜೈಬಾದಲ್ಲಿರುವ ಅವಳ ಮನೆಗೆ ಬಂದು ಮದುವೆಗೆ ಅಪ್ಪ ಅಮ್ಮನ ಒಪ್ಪಿಗೆ ಕೇಳುವುದೆಂದು ಮೊದಲೇ ಮಾತಾಗಿತ್ತು. ಬರಬೇಡ ಎಂದು ಅವಳು ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ. ಅದಕ್ಕೇ ಬಂದಿದ್ದ.

"ಇವಳು ಆ ಚರ್ಚಿನ ಫೋಟೋ ತೋರಿಸಿದ್ಳು. ಎಂಥ ಪೈಂಟಿಂಗ್ ಮಾರಾಯ!" ಎಂದರು ಅವಳ ಅಪ್ಪ ಸಂಕಪ್ಪ. "ನೀನೂ ನೋಡಿದ್ದಲ್ವಾ?"

ಚಹಾ ತರುತ್ತಿದ್ದ ಸುಪ್ರೀತಾ ನಿಂತಳು. ಅಂದು ಮೊದಲ ಬಾರಿಗೆ ಅವನ ಕಣ್ಣನ್ನೇ ನೋಡಿ, ಹೇಳಬೇಡ ಎಂಬಂತೆ ರೆಪ್ಪೆ ಮುಚ್ಚಿ ತೆರೆದಳು. ಅವಳು ಈಗಲೂ ಅವನ ಮಾನ ಕಾಯುತ್ತಿದ್ದಳು; ಅದು ತಿಳಿದು ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

"ನೋಡಿದೆ ಅಂಕಲ್. ಅಲ್ಲಿ ಗೋಡೆ ಮುಟ್ಟಿದ್ದಕ್ಕೆ ಇವಳಿಗೆ ಬೈದ್ರು. ನಿನ್ನ ಜೊತೆಯವಳಾ ಅಂತ ನನ್ನತ್ರ ಕೇಳಿದ್ರು. ಆಫೀಸಿನವ್ರು ಎಂತ ಹೇಳ್ತಾರೋ ಅಂತ ಹೆದರಿ, ಅಲ್ಲ ಅಂದೆ. ಈಗ ಇವಳನ್ನೇ ಮದುವೆಗೆ ಕೇಳ್ಲಿಕ್ಕೆ ಬಂದಿದ್ದೇನೆ. ಇದನ್ನು ಮುಚ್ಚಿಟ್ಟು ಹೇಗೆ ಕೇಳುದು?"

ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ ಸುಂದರಿ ಸೆರಗು ಬಾಯಿಗೊತ್ತಿಕೊಂಡರು. ಸಂಕಪ್ಪ ಮಗಳ ಮುಖ ನೋಡಿ ಶ್ರವಣ್ ಕಡೆಗೆ ತಿರುಗಿದರು.

"ನಾವೆಂತ ಹೇಳುದು? ಅವಳನ್ನೇ ಕೇಳು. ನಮ್ಮೆದುರೇ ಕೇಳು."

ಶ್ರವಣ್ ತಲೆ ಎತ್ತಲಿಲ್ಲ. "ಸುಪ್ರೀತಾ, ನಿಂಗೆ ನಾನು ಬೇಕಾ?"

"ಬೇಕು," ಎಂದಳು ಅವಳು. "ಆದ್ರೆ ಕೋಪ ಹೋಗ್ಲಿಲ್ಲ. ಬೇಗ ಹೋಗುದೂ ಇಲ್ಲ."

ಹೇಳಿದವಳು ಅವನ ಪಕ್ಕದಲ್ಲೇ ಬಂದು ಕುಳಿತಳು. ಅಷ್ಟು ಹತ್ತಿರವಿದ್ದವಳ ಮುಖ ನೋಡುವ ಧೈರ್ಯ ಶ್ರವಣ್‌ಗೆ ಅಂದು ಬರಲೇ ಇಲ್ಲ.