ಕೆಂಚನ ಗೂಡು

"ಬೌ! ಬೌ ಬೌ!"

ಇಲ್ಮಾ ಇನ್ನೊಂದು ಸಲ ಬೊಗಳಿದಳು. ಈ ಸಲ ತಲೆಯನ್ನೂ ಅಲ್ಲಾಡಿಸಿದಳು. ಆದರೂ ಚಾಪೆಯ ಮೇಲೆ ಕೂತಿದ್ದ ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ.

"ಎಂತಾಯ್ತು ನಿಮಗೆಲ್ಲ? ಇದು ಹೊಸ ಪುಸ್ತಕ ಕಣ್ರೋ! ಈ ನಾಯಿ ಬಸ್ ಹತ್ತತ್ತೆ. ಅದೂ ಟಿಕೆಟ್ ಇಲ್ದೆ!"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ ಪುಟ್ಟ ಹುಡುಗಿ ಮೆಲ್ಲಗೆ ಹೇಳಿದಳು, "ಕೆಂಚ ಇಲ್ಲ ಅಕ್ಕ. ಚಿರತೆ ಹೊತ್ಕಂಡ್ ಹೋಯ್ತು."

ಇಲ್ಮಾಳ ಬಾಯಿಗೆ ಬಂದಿದ್ದ ಮುಂದಿನ 'ಬೌ' ಅಲ್ಲೇ ನಿಂತಿತು.

ಕೆಂಚ ಲೈನಿನ ಕೊನೆಯ ಮನೆಯ ನಾಯಿ. ಲೈನು ಎಂದರೆ ಎಸ್ಟೇಟಿನಲ್ಲಿ ಕೆಲಸ ಮಾಡುವವರ ಸಾಲುಮನೆಗಳು. ಭಾನುವಾರ ಕತೆ ಶುರುವಾಯಿತು ಎಂದರೆ ಕೆಂಚ ತಾನೂ ಬಂದು ಚಾಪೆಯ ಅಂಚಿನಲ್ಲಿ ಮಲಗುತ್ತಿತ್ತು. ಇಲ್ಮಾ ಬೊಗಳಿದಾಗಲೆಲ್ಲ ಕಿವಿ ನೆಟ್ಟಗೆ ಮಾಡಿ, 'ಇದ್ಯಾವ ಊರಿನ ನಾಯಿಯಪ್ಪಾ' ಎಂಬಂತೆ ನೋಡುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅರ್ಧ ನಗು ಇಲ್ಮಾಳಿಗೆ, ಅರ್ಧ ಕೆಂಚನಿಗೆ.

ಇಲ್ಮಾ ಮಲ್ಲಂದೂರಿನಲ್ಲಿ ಐದನೇ ಕ್ಲಾಸು ಓದುತ್ತಿದ್ದಳು. ಅವಳ ಅಪ್ಪ ಇದ್ರೀಸ್ ಜೀಪು ರಿಪೇರಿ ಮಾಡುವವರು. ಕಾಲೇಜು ಓದುವ ಕೃತಿಕಾ ಅಕ್ಕ ಒಂದು ದಿನ ಶಾಲೆಗೆ ಬಂದು, "ಎಸ್ಟೇಟ್ ಮಕ್ಕಳಿಗೆ ಪುಸ್ತಕ ಓದಿ ಹೇಳೋಕೆ ವಾಲಂಟಿಯರ್ ಬೇಕು, ಯಾರು ಬರ್ತೀರಾ?" ಎಂದಿದ್ದರು. ಮಾತು ಮುಗಿಯುವ ಮೊದಲೇ ಇಲ್ಮಾಳ ಕೈ ಮೇಲೆದ್ದಿತ್ತು. ವಾಲಂಟಿಯರ್ ಅಂದರೆ ಏನೆಂದು ಅವಳು ಕೇಳಿ ತಿಳಿದುಕೊಂಡದ್ದು ಆಮೇಲೆ.

ಅಕ್ಕನ ಚೀಲದಲ್ಲಿ ಇಣುಕುತ್ತಿದ್ದ ಪುಸ್ತಕದ ಮೇಲೆ ನಾಯಿಯ ಚಿತ್ರವಿತ್ತು. ಅಷ್ಟೇ ಸಾಕಾಗಿತ್ತು ಅವಳಿಗೆ. ನಾಯಿಮರಿ ಬೇಕೆಂದು ಅವಳು ಮನೆಯಲ್ಲಿ ಎಷ್ಟು ರಂಪ ಮಾಡಿದ್ದಳೋ! "ಮನೇಲಿ ನಾಯಿ ಬೇಡ," ಎಂದು ಅಮ್ಮಿ ಒಂದೇ ಮಾತಿನಲ್ಲಿ ಮುಗಿಸಿದ್ದರು. ಅಂದಿನಿಂದ ಪುಸ್ತಕದ ನಾಯಿಗಳೆಲ್ಲ ಅವಳದೇ ಆದವು. ಯಾವ ನಾಯಿ ಎಲ್ಲಿ ಬಿಸ್ಕತ್ತು ಕದಿಯಿತು, ಯಾವುದು ಯಾರ ಚಪ್ಪಲಿ ಕಚ್ಚಿತು, ಎಲ್ಲ ಬಾಯಿಪಾಠ.

"ಇಲ್ಮಾ, ಆ ಪುಸ್ತಕ ಈಗ ಬೇಡ," ಎಂದರು ಕೃತಿಕಾ ಅಕ್ಕ. "ನಾನು ರೈಲಿನ ಕತೆ ಓದ್ತೀನಿ. ನೀನು ಹೋಗಿ ಕುಸುಮನ್ನ ಕರ್ಕೊಂಡ್ ಬಾ."

ಕುಸುಮ ಕೆಂಚನ ಮನೆಯ ಹುಡುಗಿ. ಇನ್ನೂ ಒಂದನೇ ಕ್ಲಾಸು. ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವಳು ಇವತ್ತು ಕಾಣಲಿಲ್ಲ.

ಕೊನೆಯ ಮನೆಯ ಮುಂದೆ ಕುಸುಮಳ ಅಜ್ಜಿ ರಾಮಮ್ಮ ಸೌದೆ ಜೋಡಿಸುತ್ತಿದ್ದರು. ಇಲ್ಮಾಳನ್ನು ಕಂಡು ಸೊಂಟ ನೆಟ್ಟಗೆ ಮಾಡಿದರು.

"ಹಿಂದೆ ಉಂಟು ಹೋಗು ಮಗಾ, ಗೂಡಿನ ಹತ್ರ. ಮಾತಿಲ್ಲ, ಕತೆಯಿಲ್ಲ. ಊಟನೂ ಸರೀಗ್ ಮಾಡ್ತಾ ಇಲ್ಲ." ಅಜ್ಜಿ ಕೈಯಲ್ಲಿದ್ದ ಸೌದೆಯನ್ನು ನೋಡುತ್ತಾ ಹೇಳಿದರು, "ನಂದೇ ತಪ್ಪು. ಮೊನ್ನೆ ಕಾಫಿ ಕುಯ್ದು ಸುಸ್ತಾಗಿ ಬಂದಿದ್ದೆ. ಗೂಡಿನ ಚಿಲಕ ಹಾಕೋದ್ ಮರ್ತೆ ಕಾಣ್ತದೆ. ಹಾಕಿದ ಹಾಂಗೇ ನೆನಪು. ಆದ್ರೆ ಬೆಳಿಗ್ಗೆ ಬಾಗಿಲು ತೆಗ್ದೇ ಇತ್ತಲ್ಲ! ಕಾಫಿ ಗಿಡದ ಬುಡದಲ್ಲಿ ಅವನ ಬೆಲ್ಟ್ ಮಾತ್ರ ಸಿಕ್ತು. ಕಣ್ಣೆದುರೇ ಬೆಳೆದ ನಾಯಿ ಮಾರಾಯ್ತಿ."

ಇಲ್ಮಾ ಮನೆಯ ಹಿಂದಕ್ಕೆ ಹೋದಳು.

ಮರದ ಪಟ್ಟಿ ಹೊಡೆದು ಮಾಡಿದ ಗೂಡು ಖಾಲಿಯಾಗಿತ್ತು. ಒಳಗಿನ ಗೋಣಿಚೀಲಕ್ಕೆ ಕೆಂಚು ಕೂದಲು ಅಂಟಿಕೊಂಡಿತ್ತು. ಕುಸುಮ ಪಕ್ಕದಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು.

"ಕುಸುಮ, ಬಾರೇ. ರೈಲಿನ ಕತೆ ಅಂತೆ."

ಕುಸುಮ ಅತ್ತ ಇತ್ತ ನೋಡಿ, ಇಲ್ಮಾಳ ಕಿವಿಯ ಹತ್ತಿರ ಬಾಯಿ ತಂದಳು. "ಅಕ್ಕ, ಅಜ್ಜಿ ಚಿಲಕ ಹಾಕಿತ್ತು. ತೆಗ್ದಿದ್ದು ನಾನು. ನೀನು ಹೇಳಿದ್ಯಲ್ಲ."

ಇಲ್ಮಾ ಗೂಡಿನ ಚಿಲಕ ನೋಡಿದಳು.

ಹೇಳಿದ್ದಳು. ಹೋದ ಭಾನುವಾರ ಓದಿದ ಪುಸ್ತಕದ ಕೊನೆಯಲ್ಲಿ ನಾಯಿ ಮನೆಯ ಮೆಟ್ಟಿಲ ಮೇಲೆ ಮಲಗಿರುತ್ತದೆ. ಮೇಲೆ ದೊಡ್ಡ ಚಂದ್ರ. ಬೆಳಿಗ್ಗೆ ಮಗು ಬಾಗಿಲು ತೆಗೆದ ಕೂಡಲೇ ನಾಯಿ ಹಾರಿ ಕೆನ್ನೆ ನೆಕ್ಕುತ್ತದೆ. ಕತೆ ಮುಗಿದು ಉಳಿದ ಮಕ್ಕಳು ಬಿಸ್ಕತ್ತಿಗೆ ಓಡಿದಾಗ ಕುಸುಮ ಅಲ್ಲೇ ಕೂತು ಕೇಳಿದ್ದಳು, "ನಮ್ಮ ಕೆಂಚನ್ನ ಅಜ್ಜಿ ಕತ್ಲಾದ್ರೆ ಗೂಡಿಗೆ ಹಾಕ್ತದೆ. ಎಂತಕ್ಕೆ ಅಕ್ಕ?"

"ಅಯ್ಯೋ ಪಾಪ! ಜೈಲಿಗೆ ಹಾಕ್ದಂಗೆ! ನಾಯಿಗೆ ಬಾಗಿಲ ಹತ್ರ ಮಲಗಿದ್ರೇನೇ ಖುಷಿ. ನೋಡು, ಬುಕ್ಕಲ್ಲೇ ಇದೆ," ಎಂದಿದ್ದಳು ಇಲ್ಮಾ. ಎಂತಕ್ಕೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಆದರೂ ಟೀಚರ್ ತರಹ ಹೇಳಿಬಿಟ್ಟಿದ್ದಳು.

"ಅಜ್ಜಿಗೆ ಹೇಳ್ಬೇಡ," ಎಂದಳು ಕುಸುಮ.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಕೃತಿಕಾ ಅಕ್ಕನಿಗೂ ತಿಳಿಯುತ್ತದೆ. ಆಮೇಲೆ ಇಲ್ಮಾಳನ್ನು ಯಾವ ಲೈನಿಗೂ ಕರೆದುಕೊಂಡು ಹೋಗಲಿಕ್ಕಿಲ್ಲ. ಆ ಕಡೆಯಿಂದ ಕತೆಯ ರೈಲಿನ ಕೂಗು, ಮಕ್ಕಳ ನಗು ಕೇಳಿಸುತ್ತಿತ್ತು. ಈ ಕಡೆಯಿಂದ ರಾಮಮ್ಮನ ಸೌದೆಯ ಸದ್ದು. ಇಲ್ಮಾಳಿಗೆ ಅಳು ಬಂತು. ಅತ್ತರೂ ಕೆಂಚ ಬರುವುದಿಲ್ಲ ಎಂದು ಗೊತ್ತಾಗಿ ಇನ್ನೂ ಅಳು ಬಂತು.

ಕೊನೆಗೆ ಅವಳು ಮನೆಯ ಮುಂದಕ್ಕೆ ಬಂದಳು. ಕುಸುಮ ಹಿಂದೆಯೇ ಬಂದು ಅವಳ ಫ್ರಾಕು ಹಿಡಿದುಕೊಂಡಳು.

"ಅಜ್ಜೀ, ಚಿಲಕ ನೀವು ಮರ್ತಿದ್ದಲ್ಲ. ಕೆಂಚನ್ನ ಗೂಡಿಗೆ ಹಾಕೋದು ಪಾಪ ಅಂತ ನಾನು ಕುಸುಮಂಗೆ ಹೇಳ್ದೆ. ಅದಕ್ಕೇ ಅವಳು ತೆಗ್ದಿದ್ದು. ಅವಳಿಗೆ ಬೈಬೇಡಿ."

ರಾಮಮ್ಮನ ಕೈ ನಿಂತಿತು. ಇಬ್ಬರನ್ನೂ ನೋಡಿದರು.

"ನಿಮ್ಮನೇಲಿ ನಾಯಿ ಉಂಟಾ ಮಗಾ?"

"ಇಲ್ಲ ಅಜ್ಜಿ."

"ಹೂಂ."

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಇಲ್ಮಾ. ಅಜ್ಜಿ ಬೈಯಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಕುಸುಮಳನ್ನು ಹತ್ತಿರಕ್ಕೆ ಎಳೆದು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅವತ್ತು ಇಲ್ಮಾಳನ್ನು ಕರೆದೊಯ್ಯುವ ಅಪ್ಪನ ಜೀಪು ಬರುವುದು ತಡವಾಯಿತು. ಬಿಸಿಲು ಗುಡ್ಡದ ಆಚೆಗೆ ಇಳಿಯಿತು. ಈ ಹೊತ್ತಿನವರೆಗೆ ಇಲ್ಮಾ ಲೈನಿನಲ್ಲಿ ಎಂದೂ ಇದ್ದವಳಲ್ಲ.

"ಟೈಗರ್! ಬಾ, ಗೂಡಿಗ್ ಬಾ!"

"ಬೊಳ್ಳೀ! ಬಾ ಬಾ!"

ಒಂದೊಂದು ಮನೆಯಿಂದಲೂ ಕೂಗು ಕೇಳಿಸಿತು. ಕಾಫಿ ಗಿಡಗಳ ನಡುವಿನಿಂದ ನಾಯಿಗಳು ಓಡೋಡಿ ಬಂದವು. ಬಾಲ ಅಲ್ಲಾಡಿಸುತ್ತಾ ತಮ್ಮ ತಮ್ಮ ಗೂಡಿಗೆ ನುಗ್ಗಿದವು. ಯಾರೂ ದೂಡಬೇಕಾಗಲಿಲ್ಲ. ಮೇಲಿನ ಮನೆಯಿಂದ ಶುರುವಾಗಿ ಚಿಲಕಗಳ ಸದ್ದು ಕೆಳಗೆ ಬಂತು.

ಅವು ಜೈಲಿಗೆ ಹೋದಂತೆ ಇಲ್ಮಾಳಿಗೆ ಕಾಣಲಿಲ್ಲ. ಶಾಲೆ ಬಿಟ್ಟ ಮಕ್ಕಳು ಮನೆಗೆ ಹೋದಂತೆ ಕಂಡವು.

ಕೊನೆಯ ಮನೆಯಿಂದ ಯಾರೂ ಕೂಗಲಿಲ್ಲ. ಕುಸುಮ ಮತ್ತೆ ಖಾಲಿ ಗೂಡಿನ ಪಕ್ಕ ನಿಂತಿದ್ದಳು. ಇಲ್ಮಾ ಅವಳ ಹತ್ತಿರ ಹೋದಳು.

"ಅಕ್ಕ, ನಾನು ಬಾಗಿಲು ತೆಗ್ದೇ ಇಟ್ಟಿದೀನಿ. ಕೆಂಚ ಬರ್ತಾನಾ?"

ಇಲ್ಮಾ ಓದಿದ ಪುಸ್ತಕಗಳಲ್ಲಿ ಕಳೆದುಹೋದ ನಾಯಿಗಳೆಲ್ಲ ಕೊನೆಯ ಪುಟದಲ್ಲಿ ಮನೆಗೆ ಬಂದಿದ್ದವು. ಬರ್ತಾನೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಹೇಳಿದರೆ ಕುಸುಮ ಈಗಲೇ ನಗುತ್ತಾಳೆ ಎಂದೂ ಗೊತ್ತಿತ್ತು.

"ಇಲ್ಲ ಕುಸುಮ," ಎಂದಳು. "ಬರಲ್ಲ."

ಕುಸುಮ ಅವಳನ್ನೇ ನೋಡಿದಳು. ಆಮೇಲೆ ಬಗ್ಗಿ, ಗೂಡಿನೊಳಗೆ ಮುದುಡಿ ಬಿದ್ದಿದ್ದ ಗೋಣಿಚೀಲವನ್ನು ಸರಿಯಾಗಿ ಹಾಸಿದಳು.

ರಸ್ತೆಯಿಂದ ಜೀಪಿನ ಹಾರನ್ ಕೇಳಿಸಿತು. ಇಲ್ಮಾ ಹೊರಡಲು ತಿರುಗಿದಳು. ಗೂಡಿನ ಬಾಗಿಲು ಮುಚ್ಚು ಎಂದೂ ಹೇಳಲಿಲ್ಲ, ತೆರೆದಿಡು ಎಂದೂ ಹೇಳಲಿಲ್ಲ.